ಬೈಂಡಿಂಗಿಗೆ ಹೋದ ಪುಸ್ತಕ

2024ರ ನವೆಂಬರ್ ಮೊದಲ ವಾರದಲ್ಲಿ ನಮ್ಮ ಕಚೇರಿಯ ಚಹಾದ ವೇಳೆಯಲ್ಲಿ ಒಂದು ಸುದ್ದಿ ಎಲ್ಲರನ್ನೂ ನಗಿಸಿತು. ಸಲ್ಮಾನ್ ರಶ್ದಿಯವರ ‘ದಿ ಸೆಟಾನಿಕ್ ವರ್ಸಸ್’ ಕಾದಂಬರಿಯನ್ನು ಹೊರದೇಶದಿಂದ ತರಿಸಕೂಡದೆಂದು 1988ರ ಅಕ್ಟೋಬರ್ 5ರಂದು ಸುಂಕದ ಕಾನೂನಿನ ಕೆಳಗೆ ಹೊರಟಿತೆನ್ನಲಾದ ಅಧಿಸೂಚನೆಯನ್ನು ಪ್ರಶ್ನಿಸಿ, ಓದುಗರೊಬ್ಬರು 2019ರಲ್ಲಿ ದಿಲ್ಲಿ ಹೈಕೋರ್ಟಿಗೆ ಅರ್ಜಿ ಹಾಕಿಕೊಂಡಿದ್ದರು. ಐದು ವರ್ಷ ಕಳೆದರೂ ಆ ಅಧಿಸೂಚನೆಯ ಒಂದು ಪ್ರತಿಯನ್ನು ನ್ಯಾಯಾಲಯದ ಮುಂದಿಡಲು ಯಾರಿಂದಲೂ ಆಗಲಿಲ್ಲ. ಅದನ್ನು ಹೊರಡಿಸಿದವರೆನ್ನಲಾದವರೇ ಕೈಚೆಲ್ಲಿದರು. ಕೊನೆಗೆ ನ್ಯಾಯಾಧೀಶರು, ಹಾಗಾದರೆ ಅಂಥದೊಂದು ಅಧಿಸೂಚನೆಯೇ ಇಲ್ಲವೆಂದು ಭಾವಿಸುವುದಲ್ಲದೆ ಬೇರೆ ದಾರಿಯಿಲ್ಲವೆಂದು ಹೇಳಿ ನವೆಂಬರ್ 5ರಂದು ಪ್ರಕರಣವನ್ನು ಮುಗಿಸಿದರು. ಡಿಸೆಂಬರಿನಲ್ಲಿ ಆ ಪುಸ್ತಕ ದಿಲ್ಲಿಯ ಅಂಗಡಿಯ ಮೇಜಿನ ಮೇಲೆ ಬಂದು ಕುಳಿತಿತು. 36 ವರ್ಷ ಇಡೀ ದೇಶ ಒಂದು ಕಾಗದಕ್ಕೆ ತಲೆಬಾಗಿತ್ತು. ಆ ಕಾಗದ ಮಾತ್ರ ಯಾವ ಕಪಾಟಿನಲ್ಲೂ ಇರಲಿಲ್ಲ.

‘ಕಡತ ಸಿಗುತ್ತಿಲ್ಲ’ ಎಂಬ ಎರಡು ಪದಗಳ ವಾಕ್ಯವನ್ನು ಕೇಂದ್ರ ಸರಕಾರದ ಗುಮಾಸ್ತರಾದ ನಾವು ಎಷ್ಟು ಸಲ ಆಡಿಲ್ಲ, ಎಷ್ಟು ಸಲ ಕೇಳಿಲ್ಲ! ಅದಕ್ಕೇ ಅಷ್ಟು ನಗು. ಒಬ್ಬರು, ‘ಆ ಕಡತ ನಮ್ಮ ವಿಭಾಗದಲ್ಲಿರಲಿಲ್ಲವಲ್ಲ, ಅದೇ ಪುಣ್ಯ’ ಎಂದರು. ಇನ್ನೊಬ್ಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ‘ನಮ್ಮಲ್ಲಿ ಆಗಿದ್ದರೆ ಎರಡು ಪ್ರತಿ ಸಿಗುತ್ತಿದ್ದವು, ಎರಡರಲ್ಲೂ ಬೇರೆ ಬೇರೆ ತಾರೀಖು’ ಎಂದರು. (ನಮ್ಮ ನಡತೆಯ ನಿಯಮಗಳ ಪ್ರಕಾರ ಸರಕಾರದ ನೀತಿಯನ್ನು ನಾವು ಟೀಕಿಸುವಂತಿಲ್ಲ. ಇಲ್ಲಿ ಹೇಳುತ್ತಿರುವುದು ಒಂದು ಕಳೆದುಹೋದ ಕಾಗದದ ಮಾತು ಮಾತ್ರ ಎಂದು ಓದುಗರು ಭಾವಿಸತಕ್ಕದ್ದು.)

ಆ ನಗು ನಮಗೆ ಭಾನುವಾರದವರೆಗೆ ಮಾತ್ರ ಉಳಿಯಿತು.

ನಮ್ಮ ಬಡಾವಣೆಯ ಕನ್ನಡಿಗರು ಸೇರಿ ನಡೆಸುವ ಒಂದು ಪುಟ್ಟ ಪುಸ್ತಕ ಭಂಡಾರವುಂಟು. ಎರಡು ಉಕ್ಕಿನ ಬೀರು, ಒಂದು ಮೇಜು, ಆರು ಕುರ್ಚಿ. ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಬಾಗಿಲು ತೆರೆದಿರುತ್ತದೆ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ಸರದಿಯ ಮೇಲೆ ನಾಲ್ಕೈದು ಮಂದಿಯದು. ದಾಖಲೆ ಪುಸ್ತಕ ಬರೆಯುವುದು ಮಾತ್ರ ನಮ್ಮ ಪಾಲಿಗೆ ಬಂದಿದೆ, ಅಕ್ಷರ ಗುಂಡಗಿದೆ ಎಂಬ ಕಾರಣಕ್ಕೆ. ಆ ಭಾನುವಾರ ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಬಂದು, ‘ಅಂಕಲ್, ಆ ಪುಸ್ತಕದ ಬೈಂಡಿಂಗ್ ಆಯ್ತಾ?’ ಎಂದು ಕೇಳಿದಳು. ಅವಳು ಹಾಗೆ ಕೇಳಿದ್ದು ಅದು ಮೊದಲ ಸಲವಲ್ಲ. ನಾವು ‘ಇನ್ನೂ ಇಲ್ಲಮ್ಮ’ ಎಂದದ್ದೂ ಮೊದಲ ಸಲವಲ್ಲ. ಆದರೆ ಆ ದಿನ ಆ ಮಾತು ಬಾಯಿಂದ ಹೊರಬಿದ್ದ ಕೂಡಲೆ ಕಚೇರಿಯ ಚಹಾದ ನೆನಪಾಗಿ ಕಿವಿ ಬಿಸಿಯಾಯಿತು.

ಆ ಪುಸ್ತಕ ಯಾವ ಬೈಂಡಿಂಗಿಗೂ ಹೋಗಿರಲಿಲ್ಲ. ನಮ್ಮ ಬೆನ್ನ ಹಿಂದಿನ ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ರಸೀದಿ ಪುಸ್ತಕಗಳ ಅಡಿಯಲ್ಲಿ, ಬೀಗದೊಳಗೆ ಇತ್ತು. ಎರಡು ವರ್ಷದಿಂದ ಅಲ್ಲೇ ಇತ್ತು.

ಅದೊಂದು ಕನ್ನಡ ಕಾದಂಬರಿ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೆಲ್ಲ ಆ ಕಾದಂಬರಿ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಇಳಿಯುತ್ತೀರಿ, ನಮ್ಮ ವಿಷಯ ಅದಲ್ಲ. 2022ರ ದಸರೆ ಕಳೆದ ಮೇಲೆ ನಮ್ಮ ಭಂಡಾರದ ಹಿರಿಯರೊಬ್ಬರು ಬಂದು, ಈ ಪುಸ್ತಕ ಇಲ್ಲಿ ಇರಬಾರದು ಎಂದರು. ಅದರಲ್ಲಿ ಒಂದು ಮಠವನ್ನೂ ಅಲ್ಲಿನ ಸ್ವಾಮಿಗಳನ್ನೂ ಹೀನಾಯವಾಗಿ ಚಿತ್ರಿಸಿದೆ ಎಂಬುದು ಅವರ ದೂರು. ಪುಸ್ತಕವನ್ನು ಅವರು ಓದಿರಲಿಲ್ಲ. ಊರಿನ ಕಡೆಯವರು ಯಾರೋ ಒಂದು ಪುಟದ ಚಿತ್ರವನ್ನು ಮೊಬೈಲಿಗೆ ಕಳಿಸಿದ್ದರು. ಇಷ್ಟು ಹೇಳಿದರೆ ಓದುಗರಿಗೆ ಅವರ ಮೇಲೆ ಸಿಟ್ಟು ಬರಬಹುದು. ಆದ್ದರಿಂದ ಮಿಕ್ಕದ್ದನ್ನೂ ಹೇಳುವುದು ನ್ಯಾಯ. ಆ ಎರಡು ಬೀರುಗಳಲ್ಲಿ ಒಂದನ್ನು ತೀರಿಕೊಂಡ ಮಡದಿಯ ನೆನಪಿಗೆಂದು ಅವರೇ ಕೊಟ್ಟದ್ದು. ಹನ್ನೆರಡು ವರ್ಷಗಳಿಂದ ಇಲ್ಲಿನ ಮಕ್ಕಳಿಗೆ ಭಾನುವಾರದ ಬೆಳಗ್ಗೆ ಕನ್ನಡ ಅಕ್ಷರ ಕಲಿಸುತ್ತಿರುವವರು ಅವರು. ಬೈಂಡಿಂಗ್ ಆಯಿತೇ ಎಂದು ಕೇಳುತ್ತಿದ್ದ ಹುಡುಗಿಯೂ ಅವರ ಬಳಿಯೇ ಅಕ್ಷರ ತಿದ್ದಿದವಳು. ತಂದೆಯಿಲ್ಲದ ಹುಡುಗನಾಗಿ ಧಾರವಾಡದ ಕಡೆಯ ಮಠವೊಂದರ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲೇ ಮಲಗಿ, ಓದಿ ಮೇಲೆ ಬಂದವರು. ಅವರ ನೋವು ಬೂಟಾಟಿಕೆಯದಾಗಿರಲಿಲ್ಲ.

ನಾವು ಮಾಡಿದ್ದೇನು? ಸಭೆ ಕರೆಯಲಿಲ್ಲ. ನಡವಳಿಯಲ್ಲಿ ಬರೆಯಲಿಲ್ಲ. ‘ತೆಗೆಯುತ್ತೇವೆ’ ಎನ್ನಲಿಲ್ಲ, ‘ತೆಗೆಯುವುದಿಲ್ಲ’ ಎನ್ನಲೂ ಇಲ್ಲ. ಹಿರಿಯರ ಮನಸ್ಸೇಕೆ ನೋಯಿಸಬೇಕು, ಒಂದು ಪುಸ್ತಕ ತಾನೆ ಎಂದುಕೊಂಡು ಅದನ್ನು ಕೆಳಗಿನ ಅರೆಗೆ ಹಾಕಿ, ದಾಖಲೆ ಪುಸ್ತಕದ ಷರಾ ಎಂಬ ಕಲಮಿನಲ್ಲಿ ಗುಂಡಗಿನ ಅಕ್ಷರದಲ್ಲಿ ‘ಬೈಂಡಿಂಗ್’ ಎಂದು ಬರೆದೆವು. ಇಪ್ಪತ್ತು ವರ್ಷದ ನೌಕರಿ ಕಲಿಸಿದ ವಿದ್ಯೆ. ಆಜ್ಞೆಯಿಲ್ಲ, ಸಹಿಯಿಲ್ಲ, ಮೇಲ್ಮನವಿಗೆ ಅವಕಾಶವಿಲ್ಲ. ಯಾರಾದರೂ ಹೈಕೋರ್ಟಿಗೆ ಹೋಗಿದ್ದರೂ ನಮ್ಮಲ್ಲೂ ಅಧಿಸೂಚನೆ ಸಿಗುತ್ತಿರಲಿಲ್ಲ.

ಪುಸ್ತಕ ನಿಷೇಧವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಬೀದಿಯಲ್ಲಿ ಬೆಂಕಿ, ಘೋಷಣೆ, ಪೊಲೀಸು. ಅವೂ ಉಂಟು. ಆದರೆ ಅದರ ಬಹುಭಾಗ ನಡೆಯುವುದು ನಮ್ಮಂಥ ಗುಮಾಸ್ತರ ಮಸಿಯಲ್ಲಿ. ಬಿ.ಎಸ್‌ಸಿ. ಓದಿದವರಿಗೆ ಕೊಪರ್ನಿಕಸ್ ಗೊತ್ತು. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆಂದು ಹೇಳಿದ ಅವನ ಗ್ರಂಥ 1543ರಲ್ಲಿ ಅಚ್ಚಾಯಿತು. 73 ವರ್ಷ ಸುಮ್ಮನಿದ್ದ ರೋಮಿನ ಧರ್ಮಾಧಿಕಾರಿಗಳು 1616ರಲ್ಲಿ, ತಿದ್ದುವವರೆಗೂ ಅದನ್ನು ತಡೆಹಿಡಿದಿದೆ ಎಂದು ಆಜ್ಞೆ ಮಾಡಿದರು. 1620ರಲ್ಲಿ ಯಾವ ಯಾವ ವಾಕ್ಯಗಳನ್ನು ಹೊಡೆದು ಹಾಕಬೇಕೆಂಬ ಪಟ್ಟಿ ಹೊರಟಿತು. ಓವನ್ ಗಿಂಗೆರಿಚ್ ಎಂಬ ಅಮೆರಿಕದ ಖಗೋಳವಿಜ್ಞಾನಿ ಜಗತ್ತಿನಲ್ಲಿ ಉಳಿದಿರುವ ಸುಮಾರು 600 ಪ್ರತಿಗಳನ್ನು ಹುಡುಕಿ ತಾವೇ ಕಣ್ಣಾರೆ ನೋಡಿದರು. ಇಟಲಿಯಲ್ಲಿದ್ದ ಪ್ರತಿಗಳಲ್ಲಿ ಹೆಚ್ಚಿನವುಗಳ ಮೇಲೆ ಮಸಿ ಎಳೆದಿತ್ತು. ಇಟಲಿಯ ಗಡಿ ದಾಟಿದರೆ ಅಂಥ ಪ್ರತಿಗಳು ತೀರ ವಿರಳ. ಆಜ್ಞೆ ಒಂದೇ, ಧರ್ಮ ಒಂದೇ. ಹೊರಗಿನ ಎಷ್ಟೋ ಕಡೆ ಯಾರೂ ಲೇಖನಿ ಎತ್ತಿಕೊಳ್ಳಲಿಲ್ಲ, ಅಷ್ಟೆ. ಪುಸ್ತಕ ಉಳಿಯುವುದೋ ಅಳಿಯುವುದೋ ಎಂಬುದು ಕೊನೆಗೆ ಕಪಾಟಿನ ಬೀಗದ ಕೈ ಇಟ್ಟುಕೊಂಡವನ ಮೇಲೆ ನಿಂತಿರುತ್ತದೆ. ಇಟಲಿಯ ಆ ಸಂನ್ಯಾಸಿಗಳಿಗಿಂತ ನಾವು ಉತ್ತಮರೆಂದು ಹೇಳಿಕೊಳ್ಳುವ ಹಾಗಿಲ್ಲ. ಅವರು ಕನಿಷ್ಠ ಹೊಡೆದು ಹಾಕಿದ ವಾಕ್ಯಗಳ ಪಟ್ಟಿಯನ್ನಾದರೂ ಎದುರಿಗಿಟ್ಟುಕೊಂಡಿದ್ದರು.

ಈಗ ಒಂದು ನೇರವಾದ ಆಕ್ಷೇಪಣೆಯನ್ನು ಎದುರಿಸಬೇಕು. ಭಂಡಾರದ ಸಮಿತಿಯಲ್ಲಿಯೂ ಒಬ್ಬರು ಇದನ್ನೇ ಎತ್ತಿದರು. ‘ನಮ್ಮ ಎರಡು ಬೀರುವಿನಲ್ಲಿ ಕನ್ನಡದ ಎಲ್ಲ ಪುಸ್ತಕ ಇಡಲಾಗುತ್ತದೆಯೆ? ನಾವು ಕೊಳ್ಳದೆ ಬಿಟ್ಟ ಸಾವಿರಾರು ಪುಸ್ತಕಗಳೆಲ್ಲ ನಿಷೇಧವಾದಂತೆಯೆ? ಆರಿಸುವ ಅಧಿಕಾರವಿದ್ದ ಮೇಲೆ ತೆಗೆಯುವ ಅಧಿಕಾರವೂ ಇರಬೇಕಷ್ಟೆ?’ ಮಾತು ತೂಕದ್ದೇ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋದದ್ದುಂಟು. 1975ರ ನವೆಂಬರ್ ತಿಂಗಳ ಒಂದು ರಾತ್ರಿ ಐಲೆಂಡ್ ಟ್ರೀಸ್ ಎಂಬಲ್ಲಿನ ಶಾಲಾ ಮಂಡಳಿಯ ಸದಸ್ಯರು ಜವಾನನಿಂದ ಬಾಗಿಲು ತೆಗೆಸಿ ಶಾಲೆಯ ಗ್ರಂಥಾಲಯಕ್ಕೆ ಹೋದರು. ಕೈಯಲ್ಲಿ ಯಾರೋ ಕೊಟ್ಟ ‘ಆಕ್ಷೇಪಾರ್ಹ’ ಪುಸ್ತಕಗಳ ಪಟ್ಟಿ. ಸೂಚಿಪತ್ರದ ಕಾರ್ಡುಗಳಲ್ಲಿ ಹುಡುಕಿದರೆ ಅವುಗಳಲ್ಲಿ ಒಂಬತ್ತು ಅಲ್ಲಿದ್ದವು. ಆಮೇಲೆ ಪಾಲಕರೂ ಅಧ್ಯಾಪಕರೂ ಕೂಡಿದ ಸಮಿತಿಯೊಂದನ್ನು ನೇಮಿಸಿದ್ದೂ ಆಯಿತು. ಅದರ ಸಲಹೆಯನ್ನು ಬಹುಮಟ್ಟಿಗೆ ಬದಿಗಿಟ್ಟು ಪುಸ್ತಕಗಳನ್ನು ತೆಗೆದದ್ದೂ ಆಯಿತು. ತೆಗೆದವುಗಳಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಬರ್ನಾರ್ಡ್ ಮಾಲಮಡ್‌ನ ಕಾದಂಬರಿಯೂ ಒಂದು. ಸ್ಟೀವನ್ ಪಿಕೋ ಎಂಬ ಹುಡುಗ, ಜೊತೆಗೆ ಇನ್ನು ನಾಲ್ವರು ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಆ ಹುಡುಗರ ಪರವಾಗಿ ನಿಂತರು. ಐವರ ಕಾರಣಗಳೂ ಒಂದೇ ಆಗಿರಲಿಲ್ಲವೆನ್ನಿ. ಆದರೆ ನ್ಯಾಯಮೂರ್ತಿ ಬ್ರೆನನ್ ಅವರು ಬರೆದ ಅಭಿಪ್ರಾಯದ ಸಾರ ಇಷ್ಟು: ಯಾವುದನ್ನು ಕೊಳ್ಳಬೇಕೆಂಬಲ್ಲಿ ಮಂಡಳಿಗೆ ಬಹಳ ಸ್ವಾತಂತ್ರ್ಯವುಂಟು. ಆದರೆ ಕಪಾಟಿಗೆ ಬಂದು ಕುಳಿತ ಪುಸ್ತಕವನ್ನು ಅದರ ವಿಚಾರ ತಮಗೆ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ. ಅದೇ ವರ್ಷ ಪುಸ್ತಕಗಳು ಮರಳಿ ಕಪಾಟಿಗೆ ಬಂದವು.

ಆ ವ್ಯತ್ಯಾಸ ಕೂದಲು ಸೀಳಿದ ಹಾಗಿದೆ ಎನಿಸಬಹುದು. ನಮಗೆ ಹಾಗನ್ನಿಸುವುದಿಲ್ಲ. ಪುಸ್ತಕ ಕೊಳ್ಳಲು ಕುಳಿತಾಗ ನಾವು ಹುಡುಕುವುದು ಗುಣವನ್ನು. ಇದರಲ್ಲಿ ಏನೋ ಇದೆ, ಯಾರಿಗೋ ಬೇಕಾದೀತು ಎನ್ನುತ್ತೇವೆ. ತೆಗೆಯಲು ಕುಳಿತಾಗ ಮುನ್ನೂರು ಪುಟವನ್ನು ಬಿಟ್ಟು ಮೊಬೈಲಿಗೆ ಬಂದ ಆ ಒಂದು ಪುಟವನ್ನೇ ನೋಡುತ್ತೇವೆ. ಹುಡುಗಿಗೆ ಹೆಣ್ಣು ಗಂಡು ನೋಡುವ ನಮ್ಮ ಹಿರಿಯರಿಗೆ ಈ ಎರಡು ನೋಟಗಳ ಅಂತರ ಚೆನ್ನಾಗಿ ಗೊತ್ತು. ‘ಬೇಡ’ ಎನ್ನಲು ನಿಶ್ಚಯಿಸಿಕೊಂಡೇ ಹೋದವರಿಗೆ ಜಾತಕದಲ್ಲಿ ಎಲ್ಲೋ ಒಂದು ಕುಜ ಸಿಕ್ಕೇ ಸಿಗುತ್ತಾನೆ.

ಅಲ್ಲದೆ ನಮ್ಮಂಥ ಹೊರನಾಡ ಕನ್ನಡಿಗರ ಸ್ಥಿತಿ ಬೇರೆ. ಬೆಂಗಳೂರಿನಲ್ಲಿ ಒಂದು ಗ್ರಂಥಾಲಯದವರು ಒಂದು ಪುಸ್ತಕವನ್ನು ಒಳಗಿಟ್ಟರೆ ಓದುಗ ಇನ್ನೊಂದಕ್ಕೆ ಹೋಗುತ್ತಾನೆ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪ್ರತಿ ಕೊಳ್ಳುತ್ತಾನೆ. ಪಕ್ಕದ ಮನೆಯವರಲ್ಲಿ ಕೇಳುತ್ತಾನೆ. ದಿಲ್ಲಿಯ ಈ ಬಡಾವಣೆಯಲ್ಲಿ ಕನ್ನಡದ ಒಂದು ಕಾದಂಬರಿಯ ಒಂದು ಪ್ರತಿ ಇದ್ದರೆ ಬಹುಮಟ್ಟಿಗೆ ಅದೇ ಮೊದಲು, ಅದೇ ಕೊನೆ. ನಾವು ಕೆಳಗಿನ ಅರೆಗೆ ಹಾಕಿದ್ದು ಒಂದು ಪ್ರತಿಯನ್ನಲ್ಲ, ಹುಡುಗಿಯ ಪಾಲಿಗೆ ಆ ಪುಸ್ತಕವನ್ನೇ. ಇನ್ನೂ ಒಂದು ಮಾತು. ಇಲ್ಲೇ ಹುಟ್ಟಿ, ಶಾಲೆಯಲ್ಲಿ ಹಿಂದಿ ಇಂಗ್ಲಿಷು ಕಲಿತು, ಗೆಳತಿಯರೊಡನೆ ಹಿಂದಿಯಲ್ಲೇ ಜಗಳವಾಡುವ ಮಕ್ಕಳಲ್ಲಿ ತಾನಾಗಿ ಬಂದು ಕನ್ನಡ ಕಾದಂಬರಿಯೊಂದನ್ನು ಕೇಳುವವರು ಎಷ್ಟು ಮಂದಿ? ನಮ್ಮ ಮಕ್ಕಳು ಕನ್ನಡ ಓದುವುದಿಲ್ಲ ಎಂದು ಪ್ರತಿ ವಾರ್ಷಿಕೋತ್ಸವದಲ್ಲೂ ವೇದಿಕೆಯ ಮೇಲೆ ಕಣ್ಣೊರಸಿಕೊಳ್ಳುತ್ತೇವೆ. ಓದುತ್ತೇನೆಂದು ಒಬ್ಬಳು ಬಂದಳು; ಅವಳಿಗೆ ಎರಡು ವರ್ಷ ಸುಳ್ಳು ಹೇಳಿದೆವು.

ಮಕ್ಕಳ ಮಾತು ಬಂತು. ‘ದೊಡ್ಡವರು ಏನಾದರೂ ಓದಿಕೊಳ್ಳಲಿ, ಎಳೆಯ ಮನಸ್ಸು ಕೆಡಬಾರದಲ್ಲ’ ಎಂಬುದು ಎಲ್ಲ ಕಾಲದಲ್ಲೂ ಹೇಳಿಕೊಂಡು ಬಂದ ಮಾತು. ದಿಲ್ಲಿಯಲ್ಲೇ ನಡೆದ, ಕನ್ನಡಿಗರ ಪಾಲಿಗೆ ಹತ್ತಿರದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿದ್ದ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕವಿಯಾಗಿದ್ದ ಎ. ಕೆ. ರಾಮಾನುಜನ್ ಅವರು ‘ಮುನ್ನೂರು ರಾಮಾಯಣಗಳು’ ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಪ್ರಬಂಧ ದಿಲ್ಲಿ ವಿಶ್ವವಿದ್ಯಾಲಯದ ಬಿ.ಎ. ಇತಿಹಾಸದ ಪಠ್ಯದಲ್ಲಿತ್ತು. 2008ರ ಫೆಬ್ರವರಿಯಲ್ಲಿ ಅದನ್ನು ವಿರೋಧಿಸಿದವರು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ನಾಲ್ವರು ತಜ್ಞರ ಅಭಿಪ್ರಾಯ ಕೇಳಲಾಯಿತು. ಮೂವರು ಇರಲಿ ಎಂದರು. ಒಬ್ಬರು ಎಳೆಯ ವಿದ್ಯಾರ್ಥಿಗಳಿಗೆ ಇದು ಹೊಂದದು ಎಂದರು. 2011ರ ಅಕ್ಟೋಬರಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾ ಪರಿಷತ್ತು ಆ ಒಬ್ಬರ ದಾರಿಯನ್ನೇ ಹಿಡಿದು ಪ್ರಬಂಧವನ್ನು ಕೈಬಿಟ್ಟಿತು. ರಾಮಾನುಜನ್ ತೀರಿಕೊಂಡು ಆಗ 18 ವರ್ಷ. ಪಠ್ಯದಿಂದ ಬಿಡುವುದು ನಿಷೇಧವಲ್ಲ ಎಂಬುದನ್ನು ಒಪ್ಪೋಣ. ಆದರೆ ಅದನ್ನು ಅಚ್ಚು ಮಾಡಿದ್ದ ಪ್ರಕಾಶಕರೂ ಆ ಹೊತ್ತಿಗೆ ಸದ್ದಿಲ್ಲದೆ ಮರುಮುದ್ರಣ ನಿಲ್ಲಿಸಿದ್ದರು. ಲೋಕದ ವಿದ್ವಾಂಸರು ಒಟ್ಟಾಗಿ ಕೂಗಿದ ಮೇಲೆ ಮತ್ತೆ ಅಚ್ಚು ಹಾಕಲು ಒಪ್ಪಿದರು. ಅಲ್ಲಿಯೂ ನೋಡಿ, ಮೊದಲು ಆಜ್ಞೆಯಿಲ್ಲ. ‘ಪ್ರತಿಗಳು ಮುಗಿದಿವೆ’, ಅಷ್ಟೆ. ನಮ್ಮ ‘ಬೈಂಡಿಂಗ್’ನ ಅಣ್ಣ.

ಅದರಲ್ಲಿ ಇದ್ದದ್ದೇನು? ವಾಲ್ಮೀಕಿ, ಕಂಬ, ಜೈನರು, ಥಾಯ್ ದೇಶದವರು ರಾಮಾಯಣವನ್ನು ಹೇಗೆ ಹೇಗೆ ಹೇಳಿದರೆಂಬ ವಿಚಾರ. ಜೊತೆಗೆ ನಮ್ಮ ಕನ್ನಡದ ಒಂದು ಜನಪದ ರಾಮಾಯಣದ ಕಥೆ. ಅಲ್ಲಿ ಶಿವನು ಕೊಟ್ಟ ಮಾವಿನ ಹಣ್ಣನ್ನು ತಿಂದ ರಾವುಳನು ತಾನೇ ಬಸುರಾಗಿ, ಸೀನಿದಾಗ ಮಗಳು ಹುಟ್ಟುತ್ತಾಳೆ. ಸೀತದ್ದರಿಂದ ಅವಳು ಸೀತೆ! ಹಳ್ಳಿಯ ಅಜ್ಜಿಯಂದಿರು ಹಾಡಿ, ಕೂಸುಗಳು ಕೇಳಿ ನಕ್ಕು ಬೆಳೆದ ಕಥೆಯಿಂದ ಬಿ.ಎ. ವಿದ್ಯಾರ್ಥಿಗಳು ಕೆಡುತ್ತಾರೆಂದರೆ ಏನೆನ್ನಬೇಕು? ಕನ್ನಡಿಗರಿಗಂತೂ ಒಂದೇ ರಾಮಾಯಣ ಎಂದರೆ ಅರ್ಥವೇ ಆಗುವುದಿಲ್ಲ. ನಾಗಚಂದ್ರನ ಕಾವ್ಯದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ತೊರವೆಯದು ಬೇರೊಂದು ದಾರಿ. ಕುವೆಂಪು ಅವರಲ್ಲಿ ಅಗ್ನಿಪರೀಕ್ಷೆಗೆ ಸೀತೆಯೊಡನೆ ರಾಮನೂ ಇಳಿಯುತ್ತಾನೆ. ಆ ಕಾವ್ಯಕ್ಕೆ 1967ರ ಜ್ಞಾನಪೀಠ ಬಂತು, ನಾವು ಮೆರವಣಿಗೆ ಮಾಡಿದೆವು. ನಮ್ಮ ಮನೆಯ ಪೂಜೆಯ ಗೂಡಿನಲ್ಲಿ ರಾಮನ ಪಟವೂ ಇದೆ, ಪಕ್ಕದ ಕಪಾಟಿನಲ್ಲಿ ಈ ಮೂರೂ ಪುಸ್ತಕಗಳಿವೆ. ಇದುವರೆಗೆ ಒಂದಕ್ಕೊಂದು ಜಗಳವಾಡಿದ್ದನ್ನು ನಾವು ಕಂಡಿಲ್ಲ.

ಮಕ್ಕಳು ಓದಿನಿಂದ ಕೆಡುವ ವಿಷಯದಲ್ಲಿ ನಾವೇ ಒಂದು ಸಾಕ್ಷಿ. ಚಿಕ್ಕಂದಿನಲ್ಲಿ ಪತ್ತೇದಾರಿ ಕಾದಂಬರಿ ಓದಬಾರದೆಂದು ಮನೆಯಲ್ಲಿ ಕಟ್ಟಾಜ್ಞೆಯಿತ್ತು. ನಮ್ಮ ತಾಲ್ಲೂಕಿನ ಸರಕಾರಿ ಗ್ರಂಥಾಲಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳು ಒಂದು ಇಡೀ ಸಾಲು ಇದ್ದವು. ಗ್ರಂಥಪಾಲಕರು ಒಳಗೆ ಬಿಡುತ್ತಿದ್ದರು, ಏನು ತೆಗೆದೆ ಎಂದು ಕೇಳುತ್ತಿರಲಿಲ್ಲ. ಆ ಸಾಲು ಮುಗಿಸಿದ ಮೇಲೆ ಪಕ್ಕದ ಸಾಲಿಗೆ ಕೈ ಹೋಯಿತು. ಅಲ್ಲಿ ಕಾರಂತರ ವಿಜ್ಞಾನದ ಸಂಪುಟಗಳಿದ್ದವು. ಆಮೇಲೆ ತೇಜಸ್ವಿಯವರ ‘ಕರ್ವಾಲೊ’ ಸಿಕ್ಕಿತು. ಅದನ್ನು ಓದಿದ ಹುಚ್ಚಿನಲ್ಲೇ ಬಿ.ಎಸ್‌ಸಿ.ಗೆ ಸೇರಿದೆವು. ಹಾರುವ ಓತಿಯನ್ನು ಹುಡುಕಲು ಹೊರಟವರು ಗುಮಾಸ್ತರಾದದ್ದು ಬೇರೆ ಕಥೆ, ಅದರಲ್ಲಿ ಪುಸ್ತಕಗಳ ತಪ್ಪಿಲ್ಲ. ಕಪಾಟಿನ ಸಾಲುಗಳ ನಡುವೆ ಒಬ್ಬನೇ ನಿಂತು ಕೈಗೆ ಬಂದದ್ದನ್ನು ಬಿಡಿಸಿ ನೋಡುವ ಆ ಸುಖ ನಮ್ಮ ದೇಶದಲ್ಲಿ ತಾನಾಗಿ ಬಂದದ್ದಲ್ಲ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು, ಪುಸ್ತಕ ಇರುವುದು ಕಾಪಾಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದನ್ನು ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ 1931ರಲ್ಲಿ ಬರೆದು, ಕಪಾಟುಗಳ ಬೀಗ ತೆಗೆಸಲು ಜೀವಮಾನವಿಡೀ ಹೋರಾಡಿದರು. ಕೊನೆಗಾಲವನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ನಾವು ದಿಲ್ಲಿಗೆ ಬಂದ ಹೊಸತರಲ್ಲಿ, ಭಾಷೆ ಬಾರದೆ ಊರಿನ ನೆನಪಿನಲ್ಲಿ ಒದ್ದಾಡುತ್ತಿದ್ದಾಗ, ಹಳೆ ದಿಲ್ಲಿ ರೈಲು ನಿಲ್ದಾಣದೆದುರಿನ ದಿಲ್ಲಿ ಪಬ್ಲಿಕ್ ಲೈಬ್ರರಿಗೆ ಹೋಗುತ್ತಿದ್ದೆವು. ಯುನೆಸ್ಕೋ ನೆರವಿನಿಂದ ಆಗಿ 1951ರ ಅಕ್ಟೋಬರ್ 27ರಂದು ನೆಹರೂ ಅವರು ತೆರೆದ ಗ್ರಂಥಾಲಯ ಅದು. ಅಲ್ಲಿ ಕೂಲಿಯವನೂ ಕಾಲೇಜಿನವನೂ ಒಂದೇ ಮೇಜಿಗೆ ಕುಳಿತು ಓದುವುದನ್ನು ಕಂಡಾಗ, ಈ ಊರಿನಲ್ಲಿ ಬದುಕಬಹುದು ಎನಿಸಿತು. ಯಾವ ಊರು, ಯಾವ ಜಾತಿ, ಯಾಕೆ ಓದುತ್ತೀ ಎಂದು ಯಾರೂ ಕೇಳದ ಜಾಗಗಳು ಈ ದೇಶದಲ್ಲಿ ಹೆಚ್ಚಿಲ್ಲ.

ಹಾಗಾದರೆ ಮನಸ್ಸು ನೊಂದವರ ಗತಿ? ಗಲಭೆಯಾದರೆ? ಇದನ್ನು ನಗೆಯಲ್ಲಿ ತೇಲಿಸಿ ಬಿಡುವಂತಿಲ್ಲ. 2004ರ ಜನವರಿ 5ರಂದು ಪುಣೆಯ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಏನಾಯಿತೆಂಬುದು ಅಲ್ಲಿನ ನಮ್ಮ ಕನ್ನಡ ಬಂಧುಗಳಿಗೆ ಚೆನ್ನಾಗಿ ನೆನಪಿರಬೇಕು. ಶಿವಾಜಿ ಮಹಾರಾಜರ ಬಗ್ಗೆ ಅಮೆರಿಕದ ವಿದ್ವಾಂಸ ಜೇಮ್ಸ್ ಲೇನ್ ಬರೆದ ಪುಸ್ತಕದ ಮೇಲಿನ ಸಿಟ್ಟಿನಿಂದ ಬಂದ ಗುಂಪು ಆ ಮಂದಿರದ ಕಪಾಟುಗಳನ್ನು ಕೆಡವಿತು, ಹಸ್ತಪ್ರತಿಗಳನ್ನು ಚೆಲ್ಲಾಪಿಲ್ಲಿ ಮಾಡಿತು. ಮಂದಿರವೇನು ಆ ಪುಸ್ತಕ ಬರೆದಿತ್ತೆ, ಅಚ್ಚು ಹಾಕಿತ್ತೆ? ಅಲ್ಲಿನವರ ನೆರವನ್ನು ಲೇಖಕ ಮುನ್ನುಡಿಯಲ್ಲಿ ನೆನೆದಿದ್ದ, ಅಷ್ಟೆ. ಮಹಾಭಾರತದ ಪರಿಷ್ಕೃತ ಪಾಠವನ್ನು 1919ರಿಂದ 1966ರವರೆಗೆ ದುಡಿದು ಹೊರತಂದ ಜಾಗ ಅದು. ಪುಸ್ತಕದ ಮೇಲೆ ಸರಕಾರ ಹೂಡಿದ ನಿಷೇಧವನ್ನು ಹೈಕೋರ್ಟು ತೆಗೆದುಹಾಕಿತು, 2010ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ನ್ಯಾಯಾಲಯ ಯಾವಾಗಲೂ ಓದುಗನ ಕಡೆಗೇ ವಾಲುತ್ತದೆಂದು ಇದರಿಂದ ತಿಳಿಯಬಾರದು. ರಾಜ್ಯದ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಿದ್ದ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರಕಾರ ಮುಟ್ಟುಗೋಲು ಹಾಕಿಕೊಂಡಾಗ, 2007ರಲ್ಲಿ ಸುಪ್ರೀಂ ಕೋರ್ಟು ಸರಕಾರದ ಕ್ರಮ ಸರಿಯೆಂದೇ ಹೇಳಿತು. ಕಾನೂನು ಬಲ್ಲವರು ಅದನ್ನು ಚರ್ಚಿಸಲಿ. ನಮಗೆ ಕಾಣುವುದಿಷ್ಟು: ಆ ಪ್ರಕರಣದಲ್ಲಿ ಒಂದು ಆಜ್ಞೆಯಿತ್ತು, ಅದಕ್ಕೆ ಕಾರಣ ಕೊಟ್ಟಿತ್ತು, ಕಾರಣ ತಪ್ಪೆಂದು ವಾದಿಸಲು ಬರಗೂರು ರಾಮಚಂದ್ರಪ್ಪ ಮೊದಲಾದವರಿಗೆ ಒಂದು ಕಟಕಟೆಯಿತ್ತು. ಸೋತರು, ಆದರೆ ಯಾರೊಡನೆ ಸೋತೆವೆಂಬುದು ಅವರಿಗೆ ಗೊತ್ತಿತ್ತು. ನಮ್ಮ ಹುಡುಗಿ ಯಾರೊಡನೆ ವಾದಿಸಬೇಕಿತ್ತು? ಇಲ್ಲದ ಬೈಂಡರಿನವನೊಡನೆಯೆ?

ಆ ಭಾನುವಾರ ಬಾಗಿಲು ಹಾಕುವ ಮೊದಲು ರಸೀದಿಗಳನ್ನು ಸರಿಸಿ ಪುಸ್ತಕವನ್ನು ಹೊರಗೆ ತೆಗೆದೆವು. ಮನೆಗೆ ಒಯ್ದು ಮೂರು ರಾತ್ರಿ ಕುಳಿತು ಓದಿದೆವು. ಎರಡು ವರ್ಷ ಬಚ್ಚಿಟ್ಟವರು ಅಲ್ಲಿಯವರೆಗೆ ಓದಿರಲೇ ಇಲ್ಲ! ಮುಂದಿನ ಭಾನುವಾರ ಹಿರಿಯರ ಪಾಠ ಮುಗಿಯುವುದನ್ನು ಕಾದು, ಪುಸ್ತಕವನ್ನೂ ದಾಖಲೆ ಪುಸ್ತಕವನ್ನೂ ಅವರ ಮುಂದಿಟ್ಟೆವು. ಇದನ್ನು ಮತ್ತೆ ಕಪಾಟಿಗೆ ಇಡಬೇಕೆಂದಿದ್ದೇವೆ, ನಿಮಗೆ ಹೇಳದೆ ಮಾಡುವುದು ಸರಿಯಲ್ಲ ಎಂದು ಬಂದಿದ್ದೇವೆ ಎಂದೆವು. ಅವರು ಪುಸ್ತಕವನ್ನು ಮುಟ್ಟಲಿಲ್ಲ. ಕನ್ನಡಕ ಸರಿಮಾಡಿಕೊಂಡು ದಾಖಲೆಯ ಆ ಸಾಲನ್ನು ಬೆರಳಿಟ್ಟು ಓದಿದರು.

‘ನಾ ತೆಗದಿಡ್ರಿ ಅಂದಿದ್ದೆ. ಸುಳ್ಳ ಬರೀರಿ ಅಂತ ಅಂದಿದ್ದೆನೇನ್ರಿ?’ ಎಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಆಕೀ ಕೇಳಿದ್ಲೇನು?’ ಎಂದು ಹುಡುಗಿಯ ಹೆಸರು ಹೇಳಿ ಕೇಳಿದರು. ಹೌದೆಂದೆವು. ‘ಎಷ್ಟ ಸಲ?’ ಎಂದರು. ಲೆಕ್ಕವಿಟ್ಟಿಲ್ಲ ಎಂದೆವು. ಅವರ ಅಭಿಪ್ರಾಯವೇನೂ ಬದಲಾಗಲಿಲ್ಲ. ತಮಗೆ ಅನ್ನ ಹಾಕಿದ ಮನೆಯನ್ನು ಬೈದ ಪುಸ್ತಕ ತಮ್ಮ ಮಡದಿಯ ಹೆಸರಿನ ಬೀರುವಿನಲ್ಲಿರುವುದು ತಮಗೆ ಸಹಿಸದು ಎಂದು ಗಟ್ಟಿಯಾಗಿಯ ಹೇಳಿದರು. ನಾವು ಪುಸ್ತಕವನ್ನು ಇನ್ನೊಂದು ಬೀರುವಿನಲ್ಲಿ ಇಡುತ್ತೇವೆಂದೆವು. ಅವರಿಗೆ ಏನು ಹೇಳಬೇಕೆನಿಸಿದೆಯೋ ಅದನ್ನು ಬರೆದುಕೊಟ್ಟರೆ ಅದಕ್ಕೂ ಒಂದು ನಂಬರು ಕೊಟ್ಟು ಪಕ್ಕದಲ್ಲೇ ಇಡುತ್ತೇವೆಂದೂ ಕೇಳಿಕೊಂಡೆವು. ಏನೂ ಹೇಳದೆ ಎದ್ದು ಹೋದರು. ಸಮಿತಿಗೆ ರಾಜೀನಾಮೆಯ ಚೀಟಿ ಮೂರು ದಿನದಲ್ಲಿ ಬಂತು. ಅದರ ಜೊತೆಗೇ ಸ್ಫುಟವಾದ ಅಕ್ಷರದ ನಾಲ್ಕು ಹಾಳೆಗಳಿದ್ದವು. ಪ್ರಸಾದ ನಿಲಯದಲ್ಲಿ ಬೆಳಗಿನ ಜಾವ ಐದಕ್ಕೆ ಗಂಟೆ ಬಾರಿಸುತ್ತಿದ್ದ ಸ್ವಾಮಿಗಳ ಬಗ್ಗೆ, ಒಂದು ಬರಗಾಲದ ವರ್ಷ ಅವರು ತಾವು ಒಪ್ಪೊತ್ತು ಉಂಡು ಹುಡುಗರಿಗೆ ಎರಡು ಹೊತ್ತು ಹಾಕಿದ್ದರ ಬಗ್ಗೆ ಬರೆದಿದ್ದರು. ಕಾದಂಬರಿಯ ಮಾತು ಅದರಲ್ಲಿ ಒಂದೇ ಒಂದು ಸಾಲು.

ಆ ಹಾಳೆಗಳಿಗೆ ರಟ್ಟು ಹಾಕಿಸಿ, ನಂಬರು ಕೊಟ್ಟು, ಕಾದಂಬರಿಯ ಪಕ್ಕದಲ್ಲಿಟ್ಟೆವು. 2024ರ ಡಿಸೆಂಬರಿನಲ್ಲಿ ಹುಡುಗಿ ಎರಡನ್ನೂ ಒಯ್ದಳು. ಹತ್ತು ದಿನಕ್ಕೆ ತಂದು ಮೇಜಿನ ಮೇಲಿಟ್ಟು, ‘ಕಾದಂಬರಿ ಅರ್ಧ ಆದಮೇಲೆ ಎಳೆದುಬಿಟ್ಟಿದ್ದಾರೆ ಅಂಕಲ್. ತಾತನದು ಚೆನ್ನಾಗಿದೆ, ಇನ್ನೂ ಬರೆದಿದ್ದಾರಾ?’ ಎಂದಳು. ಹಿರಿಯರು ಭಾನುವಾರದ ಪಾಠವನ್ನು ಬಿಟ್ಟಿಲ್ಲ. ಎರಡನೆಯ ಬೀರುವಿನ ಕಡೆಗೆ ಮಾತ್ರ ಹೋಗುವುದಿಲ್ಲ.

ಅದಾದ ಮೇಲೆ ಆ ಕಾದಂಬರಿಯನ್ನು ಇನ್ನೂ ಏಳು ಮಂದಿ ಒಯ್ದರು. ಕೈ ಬದಲಾದ ಹಾಗೆಲ್ಲ ಹೊಲಿಗೆ ಸಡಿಲವಾಗಿ, ಮೊನ್ನೆ ನಡುವಿನ ಹದಿನಾರು ಪುಟ ಕಳಚಿಕೊಂಡು ಬಂದವು. ಷರಾ ಕಲಮಿನಲ್ಲಿ ‘ಬೈಂಡಿಂಗ್’ ಎಂದು ಬರೆಯಲು ಹೋಗಿ ಲೇಖನಿ ಒಂದು ಗಳಿಗೆ ನಿಂತಿತು. ಬರೆದೆವು, ಅದರ ಕೆಳಗೆ ಬೈಂಡರಿನ ಅಂಗಡಿಯ ಹೆಸರು, ಕೊಟ್ಟ ತಾರೀಖು, ವಾಪಸು ಬರಬೇಕಾದ ತಾರೀಖು, ರಸೀದಿಯ ನಂಬರು, ಎಲ್ಲವನ್ನೂ ಬರೆದೆವು.